ಹಳದಿ ಬಾರದ ನೀರು

ಹಾಲಿನವನು ಪಾತ್ರೆಗೆ ಹಾಲು ಸುರಿಯುವಾಗ ನಾನು ಅವನ ಮುಖ ನೋಡುತ್ತೇನೆ, ಹಾಲನ್ನಲ್ಲ. ಗ್ಯಾಸ್ ಸಿಲಿಂಡರನ್ನು ತೂಕ ಹಾಕಿಸದೆ ಒಂದು ದಿನವೂ ಒಳಗೆ ಬಿಟ್ಟುಕೊಂಡವನಲ್ಲ. ಕಲ್ಲಂಗಡಿಯನ್ನು ತಟ್ಟಿ ನೋಡಿ, ಆಮೇಲೆ ಆ ಸದ್ದನ್ನೂ ನಂಬದೆ, ಒಂದು ಚೂರು ಕೊಯ್ದು ತೋರಿಸು ಎನ್ನುವ ಗಿರಾಕಿ ನಾನು. "ನಿಮ್ಮ ಮುಂದ ದೇವರು ಪ್ರತ್ಯಕ್ಷ ಆದ್ರೂ, ಆಧಾರ್ ಕಾರ್ಡ್ ತೋರಿಸಪಾ ಅಂತೀರಿ ನೀವು," ಎಂದು ಹೆಂಡತಿ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಾಳೆ. ತೋರಿಸಿದರೆ ಅವನ ಗಂಟೇನು ಹೋಗುತ್ತದೆ ಎಂಬುದು ನನ್ನ ಉತ್ತರ.

ಈ ಗುಣವೇ ನನಗೆ ಅನ್ನ ಹಾಕಿದೆ. ನಾನು ನೀರು ಪರೀಕ್ಷೆ ಮಾಡುವವನು. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ, ಒಂದು ಸರ್ಕಾರಿ ಉದ್ಯಮದ ಪ್ರಯೋಗಾಲಯ ಸೇರಿ, ವರ್ಗವಾಗಿ ನಾಗಪುರಕ್ಕೆ ಬಂದು ಹನ್ನೊಂದು ವರ್ಷವಾಯಿತು. ನೀರು ಕಣ್ಣಿಗೆ ಎಷ್ಟೇ ತಿಳಿಯಾಗಿರಲಿ, ಅದರ ಮೇಲೆ ಅನುಮಾನಪಡುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ನೀರಿನ ವಿಷಯದಲ್ಲಿ ನಾನು ತಪ್ಪಿದ್ದು ಕಡಿಮೆ. ತಪ್ಪಿದ್ದು ಒಬ್ಬ ಮನುಷ್ಯನ ವಿಷಯದಲ್ಲಿ.

ಆ ವರ್ಷ ಮಳೆಗಾಲ ಮುಗಿಯಿತೆಂದು ಎಲ್ಲರೂ ಕೊಡೆ ಮಡಚಿಟ್ಟ ಮೇಲೆ ಒಂದು ರಾತ್ರಿ ಮಳೆ ಹುಯ್ಯಿತು. ಬೆಳಗಾಗುವಷ್ಟರಲ್ಲಿ ಕೆರೆ ಕೋಡಿ ಹರಿದು, ಊರ ನಡುವಿನ ನಾಲಾ ದಂಡೆ ಬಿಟ್ಟು ಮನೆಗಳಿಗೆ ನುಗ್ಗಿತ್ತು. ಬಜಾಜ್ ನಗರದ ನಮ್ಮ ಮನೆ ಎರಡನೆಯ ಮಹಡಿಯಲ್ಲಿದೆ. ನಮಗೆ ಹೋದದ್ದು ಕೆಳಗಿಟ್ಟಿದ್ದ ಒಂದು ಹಳೆಯ ಸೈಕಲ್ಲು. ನಾಲಾದ ಪಕ್ಕದ ಬಸ್ತಿಗಳಲ್ಲಿ ಮಾತ್ರ ಜನರ ಹಾಸಿಗೆ, ಹಿಟ್ಟಿನ ಡಬ್ಬಿ, ರೇಷನ್ ಕಾರ್ಡು, ಮದುವೆಯ ಫೋಟೊ ಎಲ್ಲವೂ ಕಪ್ಪು ರಾಡಿಯಲ್ಲಿ ಕಲಸಿಹೋಗಿದ್ದವು. ಅವರನ್ನೆಲ್ಲ ಕರೆದು ತಂದು ಹತ್ತಿರದ ಒಂದು ಶಾಲೆಯಲ್ಲಿ ಇಳಿಸಿದರು. ನಲ್ಲಿಯ ಕೊಳವೆಗಳೊಳಗೆ ಹೊಲಸು ಸೇರಿದ್ದರಿಂದ ಆ ಭಾಗಕ್ಕೆಲ್ಲ ನೀರು ನಿಲ್ಲಿಸಿದ್ದರು. ಶಾಲೆಗೆ ದಿನಕ್ಕೊಂದು ಟ್ಯಾಂಕರ್ ನೀರು ಬರುತ್ತಿತ್ತು.

ಶಿಬಿರ ನೋಡಿಕೊಳ್ಳುತ್ತಿದ್ದವರು ಅದೇ ಶಾಲೆಯ ಮುಖ್ಯಾಧ್ಯಾಪಕಿ. ನನ್ನ ಹೆಂಡತಿ ಮೊದಲ ದಿನದಿಂದಲೇ ಅಲ್ಲಿನ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸಲು ಹೋಗುತ್ತಿದ್ದಳು. ಮಾತಿನ ನಡುವೆ ಗಂಡನ ಕೆಲಸವೇನೆಂದು ಹೇಳಿಬಿಟ್ಟಿದ್ದಳು. ಮರುದಿನವೇ ಆ ತಾಯಿ ಫೋನ್ ಮಾಡಿ, ಸಂಜೆ ಕಚೇರಿ ಬಿಟ್ಟ ಮೇಲೆ ಬಂದು ನೀರು ನೋಡಿ ಹೋಗುತ್ತೀರಾ ಎಂದು ಕೇಳಿದರು. ಅನುಮಾನಪಡಲು ಯಾರಾದರೂ ಹೀಗೆ ಮರ್ಯಾದೆಯಿಂದ ಕರೆದರೆ ನಾನು ಇಲ್ಲ ಎನ್ನುವವನಲ್ಲ.

ಟ್ಯಾಂಕರ್ ತರುತ್ತಿದ್ದವನನ್ನು ಮೊದಲು ಕಂಡದ್ದು ಒಂದು ರವಿವಾರ ಮಧ್ಯಾಹ್ನ. ಮೂವತ್ತೈದರ ಆಸುಪಾಸಿನ, ತೆಳ್ಳನೆಯ ಆಳು. ನಾನು ಹೆಂಡತಿಯ ಜೊತೆ ಆಡಿದ ಮಾತು ಕಿವಿಗೆ ಬಿದ್ದು ಪೈಪು ಬಿಟ್ಟು ಓಡಿ ಬಂದ.

"ಸಾಬ್, ನೀವು ಕನ್ನಡದವ್ರೇನ್ರಿ? ನಮ್ದು ಬೀದರ್ ಬಾಜೂ ರಿ. ನಮ್ಮಪ್ಪ ಗೌಂಡಿ ಕೆಲ್ಸಕ್ಕ ಇಲ್ಲಿಗಿ ಬಂದಾಂವ, ಹಂಗೇ ಉಳದೀವಿ. ಮನ್ಯಾಗ ನಮ್ಮವ್ವ ಇರೋತನಕ ಕನ್ನಡ ಇತ್ತು. ಈಗ ಮಾತಾಡಾಕ ಯಾರೂ ಇಲ್ಲ ನೋಡ್ರಿ."

ಪರಊರಿನಲ್ಲಿ ಗುರುತಿಲ್ಲದವನು ಕನ್ನಡ ಮಾತಾಡಿದರೆ ಬೇರೆಯವರಿಗೆ ಕಣ್ಣು ತುಂಬಿ ಬರುತ್ತದಂತೆ. ನನಗೆ ಕಿವಿ ನೆಟ್ಟಗಾಗುತ್ತದೆ. ಇಷ್ಟು ಸಲಿಗೆಯಿಂದ ಹತ್ತಿರ ಬರುವವನಿಗೆ ಏನೋ ಬೇಕಾಗಿದೆ ಎಂದು ಲೆಕ್ಕ ಹಾಕಿದೆ. "ಹೌದಾ, ಚಲೋ ಆತು," ಎಂದಷ್ಟೇ ಹೇಳಿ ತಿರುಗಿಕೊಂಡೆ.

ಅವನೂ ಸಂತ್ರಸ್ತನೇ. ಮನೆಯಲ್ಲಿ ಎದೆಮಟ್ಟ ನೀರು ನಿಂತು ಇಳಿದಿತ್ತು. ಹೆಂಡತಿ, ಇಬ್ಬರು ಮಕ್ಕಳು ಅದೇ ಶಾಲೆಯ ಐದನೆಯ ತರಗತಿಯ ಕೋಣೆಯಲ್ಲಿ ಮಲಗುತ್ತಿದ್ದರು. ಅವನಿಗೆ ಉಳಿದಿದ್ದದ್ದು ಖಾಸಗಿ ಗುತ್ತಿಗೆದಾರನೊಬ್ಬನ ಆ ಟ್ಯಾಂಕರಿನ ಕೆಲಸ ಮತ್ತು ಶಿಬಿರದಲ್ಲಿ ಅದರಿಂದ ಸಿಕ್ಕಿದ್ದ ಮಾನ. ಅವನ ಹೆಂಡತಿ ಮರಾಠಿ ಹೆಣ್ಣುಮಗಳು, ಗಟ್ಟಿಗಿತ್ತಿ. ಟ್ಯಾಂಕರಿನ ಹಾರನ್ ಕೇಳಿದ ಕೂಡಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು, ಕೊಡ ಹಿಡಿದವರನ್ನು ಸಾಲಾಗಿ ನಿಲ್ಲಿಸುತ್ತಿದ್ದಳು. "ಆಮ್ಚೇ ಹೇ ಆಣತಾತ್," ಎಂದು ಹೊಸಬರಿಗೆ ಹೇಳುತ್ತಿದ್ದಳು. ನೀರು ತರುವವರು ನಮ್ಮವರು ಎಂದರ್ಥ. ಹಾಗೆನ್ನುವಾಗ ಅವಳ ಮುಖ ನೋಡಬೇಕಿತ್ತು. ಮೈಮೇಲೆ ಬೇರೆಯವರು ಕೊಟ್ಟ ಸೀರೆ ಇದ್ದರೂ ತನ್ನ ಮನೆಯ ಬಾಗಿಲಲ್ಲಿ ನಿಂತವಳ ಗತ್ತು ಇತ್ತು.

ಪರೀಕ್ಷೆ ದೊಡ್ಡದೇನಲ್ಲ. ಗಾಜಿನ ನಳಿಕೆಯಲ್ಲಿ ನೀರು ಹಿಡಿದು, ಸಣ್ಣ ಸೀಸೆಯಿಂದ ಐದಾರು ಹನಿ ಹಾಕಬೇಕು. ನೀರಿನಲ್ಲಿ ಕ್ಲೋರಿನ್ ಉಳಿದಿದ್ದರೆ ಹಳದಿ ಬಣ್ಣ ಬರುತ್ತದೆ, ಕುಡಿಯಬಹುದು. ಬಣ್ಣ ಬಾರದಿದ್ದರೆ ಆ ನೀರಿಗೆ ಕಾವಲಿಲ್ಲ ಎಂದರ್ಥ. ಪ್ರವಾಹದ ಊರಿನಲ್ಲಿ ವಾಂತಿಭೇದಿ ಅಂಥ ನೀರನ್ನೇ ಕಾಯುತ್ತಿರುತ್ತದೆ. ಟ್ಯಾಂಕರ್ ಬರುವುದು ಮಧ್ಯಾಹ್ನ ಎರಡರ ಹೊತ್ತಿಗೆ. ಪೈಪು ಹಚ್ಚಿ ಶಾಲೆಯ ಮಾಳಿಗೆಯ ಮೇಲಿನ ಕಪ್ಪು ಪ್ಲಾಸ್ಟಿಕ್ ಟಾಕಿಗೆ ನೀರು ಏರಿಸುತ್ತಿದ್ದರು. ಅಲ್ಲಿಂದ ಕೆಳಗಿನ ನಲ್ಲಿಗೆ. ನಾನು ಹೋಗುತ್ತಿದ್ದದ್ದು ಸಂಜೆ ಆರೂವರೆಗೆ. ನಲ್ಲಿಯಿಂದ ನೀರು ಹಿಡಿದು ಹನಿ ಹಾಕಿದೆ. ಬಣ್ಣ ಬರಲಿಲ್ಲ. ಮತ್ತೆ ಹಿಡಿದೆ. ಸೀಸೆ ಹಳೆಯದಿರಬಹುದೆಂದು ಮರುದಿನ ಹೊಸದು ಒಯ್ದೆ. ಆಗಲೂ ನೀರು ನೀರಿನಂತೆಯೇ ಇತ್ತು. ಕುಡಿಯುವ ನೀರನ್ನು ಕುದಿಸಿಯೇ ಕೊಡಿ ಎಂದು ಮುಖ್ಯಾಧ್ಯಾಪಕಿಗೆ ಹೇಳಿದೆ. ಇದ್ದದ್ದು ಎರಡು ಒಲೆ. ಅಷ್ಟು ಜನಕ್ಕೆ ಅನ್ನ ಬೇಯಿಸುವುದೇ ಕಷ್ಟ, ಇನ್ನು ನೀರು ಕುದಿಸುವುದು ಯಾವಾಗ ಎಂದರು ಅವರು.

ಒಂದು ಬೆಳಿಗ್ಗೆ ಟ್ಯಾಂಕರ್ ತುಂಬಿಸುವ ಜಲಕುಂಭಕ್ಕೇ ಹೋದೆ. ಇಲ್ಲಿ ಎತ್ತರದ ಟಾಕಿಗೆ ಹಾಗೆ ಅನ್ನುತ್ತಾರೆ. ಅಲ್ಲಿಯ ನೀರಿಗೆ ಹನಿ ಹಾಕಿದೊಡನೆ ನಿಂಬೆಹಣ್ಣಿನ ಸಿಪ್ಪೆಯ ಬಣ್ಣ ಬಂತು. ನನ್ನ ತಲೆಯಲ್ಲಿ ಹುಳ ಹೊಕ್ಕಿತು. ತುಂಬಿಸುವಲ್ಲಿ ಹಳದಿ, ಕುಡಿಯುವಲ್ಲಿ ಬಣ್ಣವಿಲ್ಲ. ನಡುವೆ ಇರುವುದು ಒಂದು ಟ್ಯಾಂಕರ್, ಒಬ್ಬ ಡ್ರೈವರ್. ಒಳ್ಳೆಯ ನೀರನ್ನು ದಾರಿಯಲ್ಲಿ ಯಾವುದೋ ಅಪಾರ್ಟ್‌ಮೆಂಟಿಗೆ ಇಳಿಸಿ, ಎಲ್ಲಿಯದೋ ಬೋರ್‌ವೆಲ್ ನೀರು ತುಂಬಿಕೊಂಡು ಬರುತ್ತಿದ್ದಾನೆ ಎಂದು ತೀರ್ಮಾನಿಸಲು ನನಗೆ ಒಂದು ಗುಟುಕು ಚಹಾದಷ್ಟು ಹೊತ್ತೂ ಬೇಕಾಗಲಿಲ್ಲ. ತನ್ನ ಮಕ್ಕಳೂ ಅದೇ ನೀರು ಕುಡಿಯುತ್ತಾರಲ್ಲ ಎಂಬ ಯೋಚನೆ ಬಂತು, ಇಲ್ಲವೆನ್ನುವುದಿಲ್ಲ. ಅವರಿಗೆ ಬೇರೆ ಬಾಟಲಿ ತಂದಿಟ್ಟಿರುತ್ತಾನೆ ಎಂದು ಅದನ್ನೂ ಮಡಚಿ ಬದಿಗಿಟ್ಟೆ.

ಮಧ್ಯಾಹ್ನ ರಜೆ ಹಾಕಿ ಸ್ಕೂಟರಿನಲ್ಲಿ ಟ್ಯಾಂಕರಿನ ಬೆನ್ನು ಹತ್ತಿದೆ. ನಲವತ್ತೇಳರ ವಯಸ್ಸಿನಲ್ಲಿ ಹೆಲ್ಮೆಟ್ ಗಾಜು ಕೆಳಗಿಳಿಸಿ, ಸಿಗ್ನಲ್ಲಿನಲ್ಲಿ ಆಟೋಗಳ ಮರೆಯಲ್ಲಿ ನಿಲ್ಲುತ್ತ, ನನಗೇ ನನ್ನ ಮೇಲೆ ಅಭಿಮಾನ ಉಕ್ಕುತ್ತಿತ್ತು. ಟ್ಯಾಂಕರ್ ಶಾಲೆಯ ದಾರಿ ಬಿಟ್ಟು ನಾಲಾದ ಬಸ್ತಿಯತ್ತ ಹೊರಳಿತು. ಎದೆ ಡವಗುಟ್ಟಿತು, ಸಂತೋಷದಿಂದ. ಒಂದು ಓಣಿಯ ಬಾಯಲ್ಲಿ ನಿಂತಿತು. ಅವನು ಇಳಿದು, ಹಿಂದಿನ ನಲ್ಲಿ ತಿರುಗಿಸಿ, ಎರಡು ಬಕೆಟ್ ತುಂಬಿಸಿಕೊಂಡು ಓಣಿಯೊಳಗೆ ಹೋದ. ಒಳಗೆ ನೀರು ಚೆಲ್ಲುವ, ಪೊರಕೆ ತಿಕ್ಕುವ ಸದ್ದು. ಮೊಣಕಾಲುದ್ದ ರಾಡಿಯಿದ್ದ ಓಣಿಗೆ ನಾನು ಇಳಿಯಲಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ಬಂದ. ಅಷ್ಟರಲ್ಲಿ ಯಾವ ಲಾರಿಯೂ ಬರಲಿಲ್ಲ, ಯಾವ ಬೋರ್‌ವೆಲ್ಲೂ ಕಾಣಲಿಲ್ಲ. ನಾನು ಕಂಡದ್ದು ಎರಡು ಬಕೆಟ್ ಮಾತ್ರ. ಕಣ್ಣೆದುರೇ ಎರಡು ಬಕೆಟ್ ಕದ್ದವನು ಕಾಣದ ಕಡೆ ಟ್ಯಾಂಕರನ್ನೇ ಕದಿಯುತ್ತಾನೆ ಎಂದುಕೊಂಡು, ಅವನಿಗಿಂತ ಮೊದಲು ಶಾಲೆ ಮುಟ್ಟಿದೆ.

ಮುಖ್ಯಾಧ್ಯಾಪಕಿಗೆ ಕೋಣೆಯಲ್ಲಿ ಕೂತು ಹೇಳಬಹುದಿತ್ತು. ಹೇಳಲಿಲ್ಲ. ಟ್ಯಾಂಕರ್ ಬಂದು, ಜನ ಕೊಡ ಹಿಡಿದು ನಿಂತಿದ್ದಾಗ, ನಲ್ಲಿಯ ಕಟ್ಟೆಯ ಮೇಲೆ ನಿಂತು ಹರಕು ಮರಾಠಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದೆ. ಇವನು ತುಂಬಿಸುವ ನೀರೇ ಬೇರೆ, ನಿಮಗೆ ತಂದು ಕೊಡುವ ನೀರೇ ಬೇರೆ. ಸಾಕ್ಷಿಗೆ ಅಲ್ಲೇ ನಲ್ಲಿಯಲ್ಲಿ ಉಳಿದಿದ್ದ ನಿನ್ನೆಯ ನೀರಿಗೆ ಹನಿ ಹಾಕಿ ತೋರಿಸಿದೆ. ಜಲಕುಂಭದಿಂದ ತಂದಿದ್ದ ಹಳದಿ ನಳಿಕೆಯನ್ನು ಪಕ್ಕದಲ್ಲಿ ಹಿಡಿದೆ. ದಾರಿಯಲ್ಲಿ ಎಲ್ಲಿ ನಿಲ್ಲಿಸಿದ್ದೆ ಎಂದು ಕೇಳಿದೆ.

ಅವನು ಕನ್ನಡದಲ್ಲಿಯೇ ಉತ್ತರಿಸಿದ, ನನಗೊಬ್ಬನಿಗೇ ತಿಳಿಯುವಂತೆ. "ಸಾಬ್, ಎರಡು ಬಕೆಟ್ ತಗೊಂಡೀನ್ರಿ, ಖರೇ. ಮನ್ಯಾಗಿನ ದೇವರ ಮಾಡದಾಗ ಹೊಲಸು ತುಂಬ್ಯಾದ, ತೊಳ್ಯಾಕತ್ತಿದ್ದೆ. ನೀರು ಬದಲ್ ಮಾಡಿಲ್ರಿ. ನಮ್ಮ ಪೋರಗೋಳು ಇಲ್ಲೇ ಕುಡೀತಾವ್ರಿ."

"ಎಲ್ಲಾರಿಗೂ ತಿಳಿಯೋ ಭಾಷಾದಾಗ ಹೇಳು," ಎಂದೆ.

ಅವನು ಹಿಂದಿಯಲ್ಲಿ ಎರಡು ಬಕೆಟಿನ ಮಾತು ಹೇಳಿದ. ಅಷ್ಟೇ ಸಾಕಾಯಿತು. ಸಾಲಿನಲ್ಲಿದ್ದವರು ಒಮ್ಮೆಲೇ ಕೂಗಾಡಿದರು. ನಮ್ಮ ಹುಡುಗನಿಗೆ ನಿನ್ನೆಯಿಂದ ಹೊಟ್ಟೆನೋವು ಎಂದಳೊಬ್ಬಳು. ನೀರಿಗೆ ಮೊದಲ ಎರಡು ದಿನ ಔಷಧದ ವಾಸನೆ ಇತ್ತು, ಆಮೇಲೆ ಹೋಯಿತು, ನಮಗೆ ಆಗಲೇ ಗೊತ್ತಾಗಬೇಕಿತ್ತು ಎಂದನೊಬ್ಬ. ಆ ಮಾತು ನನ್ನ ಕಿವಿಗೂ ಬಿತ್ತು. ಅದನ್ನು ಹಿಡಿದುಕೊಂಡು ಯೋಚಿಸಬೇಕಾಗಿದ್ದವನು ನಾನು. ಆದರೆ ಗೆದ್ದವನಿಗೆ ಯೋಚನೆ ಎಲ್ಲಿಂದ ಬರಬೇಕು? ಮುಖ್ಯಾಧ್ಯಾಪಕಿ ಗುತ್ತಿಗೆದಾರನಿಗೆ ಫೋನ್ ಮಾಡಿದರು. ಒಂದು ಗಂಟೆಯಲ್ಲಿ ಬೇರೊಬ್ಬ ಬಂದು ಕೀಲಿ ಇಸಿದುಕೊಂಡ. ಡ್ರೈವರನ ಹೆಂಡತಿ ಸಾಲಿನ ತುದಿಯಲ್ಲಿ ಕೊಡ ಹಿಡಿದು ನಿಂತಿದ್ದಳು. ಅವಳು ಗಂಡನನ್ನು ಏನೂ ಕೇಳಲಿಲ್ಲ. ಕೊಡದಲ್ಲಿದ್ದ ನೀರನ್ನು ಕಟ್ಟೆಯ ಮೇಲೆ ಸುರಿದು ಕೋಣೆಗೆ ಹೋದಳು. ಸಿಕ್ಕಿಸಿದ ಸೆರಗು ಬಿಚ್ಚಿ ತಲೆಯ ಮೇಲೆ ಹೊದ್ದುಕೊಂಡಿದ್ದಳು.

ಮರುದಿನ ಸಂಜೆ ಹೊಸ ಡ್ರೈವರ್ ತಂದ ನೀರನ್ನು ನೋಡಲು ನಾನು ಸ್ವಲ್ಪ ಮುಂಚೆಯೇ ಹೋದೆ. ಹನಿ ಹಾಕಿದೆ. ಬಣ್ಣ ಬರಲಿಲ್ಲ. ಇವನೂ ಕಳ್ಳ ಎಂದು ನನ್ನ ಮನಸ್ಸಿಗೆ ತಟ್ಟನೆ ಹೊಳೆಯಿತೆಂದರೆ ನನ್ನ ಯೋಗ್ಯತೆ ನಿಮಗೆ ತಿಳಿದೀತು. ಅವನನ್ನೂ ಹಿಂಬಾಲಿಸುವುದು ಹೇಗೆಂದು ಯೋಚಿಸುತ್ತ, ನೀರು ಇಳಿಸಿದ ಮೇಲೂ ಅವನು ಶಾಲೆಯ ಅಂಗಳದಲ್ಲೇ ಬಿಟ್ಟಿದ್ದ ಟ್ಯಾಂಕರಿನ ಬಳಿ ಹೋದೆ. ಹಿಂದಿನ ನಲ್ಲಿಯಿಂದ ಇನ್ನೂ ಹನಿ ತೊಟ್ಟಿಕ್ಕುತ್ತಿತ್ತು. ಕೈ ತಾನಾಗಿಯೇ ನಳಿಕೆಯನ್ನು ಅದರ ಕೆಳಗೆ ಹಿಡಿಯಿತು. ಹನಿ ಹಾಕಿದೆ. ಹಳದಿ.

ಇಷ್ಟು ದಿನ ನಾನು ಟ್ಯಾಂಕರಿನ ಬಾಯಿಂದ ಒಮ್ಮೆಯೂ ನೀರು ಹಿಡಿದಿರಲಿಲ್ಲ. ನಮ್ಮ ಪ್ರಯೋಗಾಲಯಕ್ಕೆ ಕಲಿಯಲು ಬರುವ ಮಕ್ಕಳು ಹೀಗೆ ನಡುವಿನ ಒಂದು ಮೆಟ್ಟಿಲು ಬಿಟ್ಟರೆ ಅವರ ಚಳಿ ಬಿಡಿಸುವವನು ನಾನು. ಆ ರವಿವಾರ ಮಧ್ಯಾಹ್ನ ಅವನು ಪೈಪು ಹಿಡಿದು ನನ್ನ ಎದುರಿಗೇ ನಿಂತಿದ್ದ. ನಾನು ನಳಿಕೆ ಹಿಡಿಯಲಿಲ್ಲ. ಆಮೇಲಂತೂ ಉತ್ತರ ನನಗೆ ಮೊದಲೇ ಗೊತ್ತಿತ್ತು, ಅದಕ್ಕೆ ಹಿಡಿಯಲಿಲ್ಲ.

ಏಣಿ ತರಿಸಿ ಮಾಳಿಗೆ ಹತ್ತಿ ಕಪ್ಪು ಟಾಕಿಯ ಮುಚ್ಚಳ ತಿರುಗಿಸಿದೆ. ಮೂಗಿಗೆ ತಂಪಾದ ಲಾವಂಚದ ಪರಿಮಳ ಹೊಡೆಯಿತು. ಒಳಗೆ ಐದು ಗಂಟುಗಳು ತೇಲುತ್ತಿದ್ದವು. ಒಂದನ್ನು ಎಳೆದು ತೆಗೆದೆ. ಬಟ್ಟೆಯಲ್ಲಿ ಬಿಗಿದು ಕಟ್ಟಿದ ಬೇರು, ಬೇರಿಗಂಟಿದ ಮಣ್ಣು, ಮೇಲೆ ಲೋಳೆ. ಅಷ್ಟು ಬೇರು, ಅಷ್ಟು ಮಣ್ಣು ಸೇರಿದರೆ ನೀರಿನಲ್ಲಿದ್ದ ಕ್ಲೋರಿನ್ ನಾಲ್ಕು ಗಂಟೆಯಲ್ಲಿ ತೀರಿಹೋಗುತ್ತದೆ. ನಾಗಪುರದವರು ಬೇಸಿಗೆಯಲ್ಲಿ ಇದನ್ನು ವಾಳಾ ಎಂದು ಮಡಕೆಯ ನೀರಿಗೆ ಹಾಕುತ್ತಾರೆ. ಅದಿಲ್ಲದ ನೀರು ಇಲ್ಲಿ ಅತಿಥಿಗೆ ಕೊಡುವ ನೀರೇ ಅಲ್ಲ. ಕೆಳಗಿನ ನಲ್ಲಿಯಲ್ಲಿ ನಾನು ನೀರಿನ ಬಣ್ಣ ನೋಡಿದ್ದೆನೇ ಹೊರತು ಒಮ್ಮೆಯೂ ಮೂಸಿರಲಿಲ್ಲ. ನಾನು ನೋಡುತ್ತಿದ್ದದ್ದು ಬೇರನ್ನಲ್ಲ, ಬಟ್ಟೆಯನ್ನು. ಹಸಿರು ಚೌಕಡಿ. ನನ್ನದೇ ಹಳೆಯ ಲುಂಗಿ.

ಮನೆಗೆ ಹೋದಾಗ ಹೆಂಡತಿ ಬೇಳೆ ಒಗ್ಗರಣೆಗೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಒದ್ದೆ ಗಂಟನ್ನು ಅವಳ ಮುಂದಿಟ್ಟೆ.

"ಇದನ್ನ ಯಾರು ಹಾಕಿದ್ರು?"

"ನಾನ ಕಟ್ಟಿ ಕೊಟ್ಟೆ. ಅಡಗಿ ಮಾಡೋ ಹೆಣ್ಣಮಗಳು ಏಣಿ ಹತ್ತಿ ಹಾಕಿದ್ಲು. ಯಾಕ್ರೀ?"

"ಯಾಕಂದ್ರ?"

"ಹುಡುಗ್ರು ನೀರ ಕುಡೀಲಿಕ್ಕೇ ತಯಾರ ಇರಲಿಲ್ಲ ರೀ. ಔಷಧದ ವಾಸನಿ ಅಂತ ಉಗುಳತಿದ್ವು. ಶಾಲಿ ಹಿಂದಿನ ಹಳೇ ಬಾವಿಗೆ ಹೋಗಿ, ಬೊಗಸಿಲೆ ಕುಡದು ಬರತಿದ್ವು. ನೋಡಿಕೋತ ಕೂಡ್ಲೇನು? ಬ್ಯಾಸಗ್ಯಾಗ ತಂದ ವಾಳಾ ಅಟ್ಟದ ಮ್ಯಾಲ ಇತ್ತು. ಕಟ್ಟಿ ಕೊಟ್ಟೆ. ಅವತ್ತಿಂದ ಎಲ್ಲಾವೂ ಕುಡೀತಾವ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಹತ್ತು ಸವಾಲು ಕೇಳ್ತಿದ್ರಿ. ಹುಡುಗ್ರಿಗೆ ನೀರಡಿಕಿ ಆಗಿತ್ತು."

ನೀರಿನ ಕ್ಲೋರಿನ್ ತಿಂದದ್ದು ಆ ಬೇರು, ಡ್ರೈವರ್ ಕಳ್ಳನಲ್ಲ ಎಂದು ಹೇಳಿದೆ. ಅವಳ ಕೈಯ ಬೆಳ್ಳುಳ್ಳಿ ಅಲ್ಲೇ ನಿಂತಿತು. "ನನ್ನನ್ನ ಕೇಳಬಹುದಿತ್ತಲ್ಲ ರೀ. ದಿನಾ ಅಲ್ಲೇ ಇರತಿದ್ದೆ," ಎಂದಳು. ಹಾಲಿನವನಿಂದ ಹಿಡಿದು ಜಲಕುಂಭದವರೆಗೆ ಎಲ್ಲರನ್ನೂ ಸೋಸಿ ನೋಡಿದ ನಾನು ನನ್ನ ಮನೆಯ ಅಟ್ಟದತ್ತ ತಲೆ ಎತ್ತಿರಲಿಲ್ಲ. ನಾಚಿಕೆಯಾಯಿತು. ಅವಳ ಮೇಲೆ ಸಿಟ್ಟು ತಂದುಕೊಳ್ಳಲು ನೋಡಿದೆ, ಅದೂ ಬರಲಿಲ್ಲ.

ಬೆಳಿಗ್ಗೆ ಇಬ್ಬರೂ ಶಾಲೆಗೆ ಹೋದೆವು. ಗಂಟುಗಳನ್ನೆಲ್ಲ ತೆಗೆಸಿ ಟಾಕಿ ತಿಕ್ಕಿಸಿದೆವು. ಮುಖ್ಯಾಧ್ಯಾಪಕಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು, ಎಲ್ಲಿ ನಿಂತು ಅವನ ಹೆಸರು ಕೆಡಿಸಿದಿರೋ ಅಲ್ಲೇ ನಿಂತು ಹೇಳಿ ಎಂದರು. ಕಟ್ಟೆ ಹತ್ತಿ ಹೇಳಿದೆ. ತಪ್ಪು ನನ್ನದು, ನೀರು ಬದಲಾಗಿರಲಿಲ್ಲ, ಡ್ರೈವರನದು ಏನೂ ದೋಷವಿಲ್ಲ. ಹೆಂಡತಿ ಪಕ್ಕದಲ್ಲಿ ನಿಂತು ಬೇರು ಕಟ್ಟಿ ಕೊಟ್ಟದ್ದು ತಾನೆಂದಳು. ಜನ ಕೇಳಿಸಿಕೊಂಡರು. ಮೊನ್ನೆ ಕೂಗಾಡಿದವರು ಇಂದು ಸುಮ್ಮನಿದ್ದರು. ಸಾಹೇಬರ ಮೇಲೆ ಗುತ್ತಿಗೆದಾರ ಒತ್ತಡ ತಂದಿರಬೇಕು ಎಂದು ಹಿಂದಿನಿಂದ ಯಾರೋ ಮರಾಠಿಯಲ್ಲಿ ಪಿಸುಗುಟ್ಟಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ನಾನು ಆ ಜಾಗದಲ್ಲಿದ್ದರೆ ಅದನ್ನೇ ಅನ್ನುತ್ತಿದ್ದೆ.

ಅವನು ನಾಲಾ ಬಸ್ತಿಯ ತನ್ನ ಮನೆಯಲ್ಲಿದ್ದ. ಈ ಸಲ ರಾಡಿಗೆ ಇಳಿದೆ. ಒಂದೇ ಕೋಣೆ, ಗೋಡೆಯ ಮೇಲೆ ಎದೆಯ ಎತ್ತರಕ್ಕೆ ನೀರಿನ ಗುರುತು, ಮೂಲೆಯ ಮಾಡವೊಂದು ಮಾತ್ರ ಬೆಳ್ಳಗೆ ತೊಳೆದಿತ್ತು. ತಪ್ಪಾಯಿತು ಎಂದೆ, ಕನ್ನಡದಲ್ಲಿ.

ಅವನು ಸಲಿಕೆ ಗೋಡೆಗೆ ಆನಿಸಿದ. "ನೀವು ನೀರು ನೋಡಾಕ ಬಂದವ್ರು, ನೋಡಿದ್ರಿ. ನಿಮ್ಮ ಮ್ಯಾಲ ಸಿಟ್ಟಿಲ್ರಿ, ಸಾಬ್. ಗಾಡಿ ಕೊಡಸ್ತೀರೇನು ಹೇಳ್ರಿ."

"ಮುಖ್ಯಾಧ್ಯಾಪಕಿ ಆಗಲೇ ಮಾತಾಡ್ಯಾರ. ಮಧ್ಯಾಹ್ನದಿಂದ ನಿನ್ನದೇ ಗಾಡಿ."

"ಮತ್ತ ಚಲೋ ಆತು ಬಿಡ್ರಿ," ಎಂದು ಕೈಕಾಲು ತೊಳೆಯಲು ಹೊರಗೆ ಬಂದ. ನನಗೆ ಹಗುರೆನಿಸಿತು. ಇಷ್ಟು ಸುಲಭವಾಗಿ ಮುಗಿಯಿತಲ್ಲ ಎಂದು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದೆ.

ಎರಡಕ್ಕೆ ಸರಿಯಾಗಿ ಟ್ಯಾಂಕರ್ ಬಂತು. ಅವನೇ ಹಾರನ್ ಹೊಡೆದ, ಅವನೇ ಪೈಪು ಹಚ್ಚಿದ. ಟಾಕಿ ತುಂಬಿ ಕೆಳಗಿನ ನಲ್ಲಿಗೆ ನೀರು ಬಂತು. ಜನ ಕೊಡ ಹಿಡಿದು ಬಂದು ನಿಂತರು, ಆದರೆ ಸಾಲು ಮಾಡಿಸುವವರು ಯಾರೂ ಇರಲಿಲ್ಲ. ಎಲ್ಲರಿಗಿಂತ ಕೊನೆಗೆ ಅವನ ಹೆಂಡತಿ ಬಂದಳು. ತಲೆಯ ಮೇಲೆ ಸೆರಗಿತ್ತು. ಗಂಡ ಅವಳನ್ನು ನೋಡಿ ನಕ್ಕು, ಮುಂದೆ ಬಾ ಎಂದು ಜನರ ನಡುವೆ ದಾರಿ ಮಾಡಿಕೊಟ್ಟ. ನಲ್ಲಿಯನ್ನು ತಾನೇ ತಿರುಗಿಸಿದ. ನೀರು ಬೀಳುತ್ತಿತ್ತು. ಅವಳು ಕೊಡ ಇಡಲಿಲ್ಲ. ನನ್ನ ಕಡೆಗೆ ತಿರುಗಿದಳು.

"ತಪಾಸಲಂ ಕಾ, ಸಾಹೇಬ?"

ಪರೀಕ್ಷೆ ಮಾಡಿದಿರಾ ಎಂದು ಕೇಳಿದಳು, ಮೆಲ್ಲಗೆ, ತರಕಾರಿಯವಳನ್ನು ಕೇಳುವಷ್ಟು ಸಹಜವಾಗಿ. ಪಕ್ಕದಲ್ಲಿ ಅವನು ನಲ್ಲಿ ಹಿಡಿದು ನಿಂತಿದ್ದ. ಮಾಡುವ ಅಗತ್ಯವೇ ಇಲ್ಲ ತಾಯಿ, ಅವನು ತಂದ ನೀರು ಎಂದು ಹೇಳಲು ಬಾಯಿ ತೆರೆದೆ. ನನ್ನ ಬಾಯಿಂದ ಆ ಮಾತಿಗೆ ಈಗ ಏನು ಬೆಲೆ? ಅವಳ ಹಿಂದಿನ ಹೆಂಗಸರೂ ಕೊಡ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು. ನಳಿಕೆಯಲ್ಲಿ ನೀರು ಹಿಡಿದು ಹನಿ ಹಾಕಿದೆ. ಹಳದಿ ಬಂತು. ಅವಳು ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಕೊಡ ಇಟ್ಟಳು.

ಶಿಬಿರ ಮುಗಿಯುವವರೆಗೂ ದಿನವೂ ಕಚೇರಿಯಿಂದ ಮಧ್ಯಾಹ್ನ ಹೋಗಿ ಬರುತ್ತಿದ್ದೆ. ದಿನವೂ ಅವಳು ಕೇಳಿದಳು, ದಿನವೂ ನಾನು ತೋರಿಸಿದೆ. ಎರಡನೆಯ ದಿನದಿಂದ, ಅವಳು ಕೊಡ ಹಿಡಿದು ಬರುವುದನ್ನು ಕಂಡ ಕೂಡಲೇ ಅವನು ನಲ್ಲಿ ಬಿಟ್ಟು ಟ್ಯಾಂಕರಿನ ಆಚೆ ಬದಿಗೆ ಹೋಗಿ ನಿಲ್ಲುತ್ತಿದ್ದ.